ಮಾತು ಬಿಟ್ಟ ಅಣ್ಣ-ತಮ್ಮ, 160 ಚದರಡಿ ಖೋಲಿ

ನಮ್ಮ ಕಿರುಚಿತ್ರ 27 ನಿಮಿಷದ್ದು. ಪಾತ್ರ ನಾಲ್ಕು, ಖೋಲಿ ಒಂದು, ಚಿತ್ರೀಕರಣ ನಾಲ್ಕು ದಿನ. ಮುಂಬಯಿಯ ಪರೇಲ್‌ನ ಹಳೆಯ ಪಗಡಿ ಚಾಳಿನಲ್ಲಿ (ಒಂದೊಂದೇ ಖೋಲಿಯ ಮನೆಗಳ ಸಾಲು ಕಟ್ಟಡ) ಅಣ್ಣ, ಅತ್ತಿಗೆ, ಅವರ ಮಗಳು. 11 ವರ್ಷದಿಂದ ಮಾತು ಬಿಟ್ಟು ಡೊಂಬಿವಲಿಯಲ್ಲಿ ಬೇರೆ ಸಂಸಾರ ಹೂಡಿದ ತಮ್ಮ, ತಾಯಿ ತೀರಿಕೊಂಡ ಮೇಲೆ ಕ್ರಿಯೆಗೆಂದು ಬರುತ್ತಾನೆ. ಇಬ್ಬರೂ ಕುಂದಾಪುರದ ಕಡೆಯವರು. ಮುಂಬಯಿ ಕನ್ನಡಿಗರಿಗೆ ಈ ಕತೆ ಹೊಸದಲ್ಲ, ಇಂಥ ಒಂದು ಜೋಡಿ ಇಲ್ಲದ ಚಾಳು ಸಿಗುವುದು ಕಷ್ಟ. ಆದರೆ ಮಾತಾಡದ ಇಬ್ಬರನ್ನು ತೆರೆಯ ಮೇಲೆ ತೋರಿಸಲು ಟೇಪು, ತಕ್ಕಡಿ, ಸ್ಟಾಪ್‌ವಾಚ್ ಎಲ್ಲವೂ ಬೇಕಾಗುತ್ತದೆ ಎಂದು ಶುರುವಿನಲ್ಲಿ ನಮ್ಮ ತಂಡದ ಯಾರಿಗೂ ಅನ್ನಿಸಿರಲಿಲ್ಲ.

ಮೊದಲ ಕರಡಿನಲ್ಲಿ ಜಗಳದ ಕಾರಣ ‘ಆಸ್ತಿ’ ಎಂದಷ್ಟೇ ಇತ್ತು. ಅದು ಸಾಲದು. ಯಾರದು ತಪ್ಪು ಎಂದು ನೋಡುವವರು ಮೂರನೇ ನಿಮಿಷಕ್ಕೇ ತೀರ್ಮಾನಿಸಿಬಿಟ್ಟರೆ ಉಳಿದ 24 ನಿಮಿಷ ದಂಡ. ಇಬ್ಬರ ಲೆಕ್ಕವೂ ಸರಿಯಿರಬೇಕು, ಕೂಡಿಸಿದಾಗ ಮಾತ್ರ ತಾಳೆಯಾಗಬಾರದು. ಇದಕ್ಕೆ ಪಗಡಿ ಪದ್ಧತಿಯೇ ಒದಗಿಬಂತು. ಪಗಡಿ ಖೋಲಿ ಬಾಡಿಗೆಯದೂ ಹೌದು, ಸ್ವಂತದ್ದೂ ಹೌದು. ಒಳಗೆ ಬರುವಾಗ ದೊಡ್ಡ ಮೊತ್ತ ಕೊಟ್ಟಿರುತ್ತಾರೆ, ತಿಂಗಳ ಬಾಡಿಗೆ ಅತ್ಯಲ್ಪ, ಮಾರುವಾಗ ಮಾಲಕನಿಗೆ ರೂಢಿಯಂತೆ ಸುಮಾರು ಮೂರನೇ ಒಂದು ಪಾಲು. ಬಾಡಿಗೆದಾರ ತೀರಿಕೊಂಡರೆ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯಂತೆ ಆಗ ಅವನ ಜೊತೆ ಅದೇ ಮನೆಯಲ್ಲಿ ವಾಸವಿದ್ದ ಕುಟುಂಬದವರಿಗೆ ಹಕ್ಕು ದಾಟುತ್ತದೆ, ಅಂಥವರು ಯಾರೂ ಇಲ್ಲದಾಗ ಮಾತ್ರ ಉಳಿದ ವಾರಸುದಾರರ ಸರದಿ. ಹಾಗಾಗಿ ಅಪ್ಪನ ನಂತರ ಬಾಡಿಗೆ ರಸೀದಿ ಅಣ್ಣನ ಹೆಸರಿಗೆ ಬಂದದ್ದರಲ್ಲಿ ಮೋಸವಿಲ್ಲ. ಆದರೆ ಅಪ್ಪನ ಆಸ್ಪತ್ರೆಗೂ ಸೋರುವ ಮಾಡಿನ ದುರಸ್ತಿಗೂ ಪಿಎಫ್ ಸಾಲ ತೆಗೆದವನು ತಮ್ಮ. ಅವನ ಹತ್ತಿರ ರಸೀದಿಗಳಿವೆ. ಹಾಸಿಗೆ ಹಿಡಿದ ಅಮ್ಮನ ಮೈ ಒರೆಸಿದ್ದಕ್ಕೆ ಅಣ್ಣನ ಹತ್ತಿರ ಯಾವ ರಸೀದಿಯೂ ಇಲ್ಲ.

ಇಷ್ಟನ್ನೂ ಬಾಯಲ್ಲಿ ಹೇಳಿಸಿದರೆ ನಾಲ್ಕು ನಿಮಿಷ, ಅದೂ ಸೊಸೈಟಿ ಮೀಟಿಂಗಿನ ಧಾಟಿಯಲ್ಲಿ. ಕೊನೆಗೆ ಉಳಿದದ್ದು ಎರಡು ಕ್ಲೋಸಪ್. ಹೆಸರು ಬದಲಾದ ಬಾಡಿಗೆ ರಸೀದಿ ಪುಸ್ತಕ, ತಮ್ಮನ ಪಾಕೀಟಿನಲ್ಲಿ ಮಡಚಿ ಮಡಚಿ ಹರಿದ ಆಸ್ಪತ್ರೆ ಬಿಲ್ಲು. ಎರಡೂ ಸೇರಿ 22 ಸೆಕೆಂಡು. ಕಾಯ್ದೆ ಗೊತ್ತಿಲ್ಲದ ಪ್ರೇಕ್ಷಕನಿಗೂ ಇಷ್ಟು ಸಾಕಾಯಿತು. ಆದರೆ ಬರೆಯುವವರಿಗೆ ಆ ಕಾಯ್ದೆ ಗೊತ್ತಿರಲೇಬೇಕಿತ್ತು.

ಮೊದಲ ಓದಿನಲ್ಲೇ ಇನ್ನೊಂದು ದೋಷ ಸಿಕ್ಕಿತು. ಮಾತು ಬಿಟ್ಟವರು ವಿಪರೀತ ಮಾತಾಡುತ್ತಿದ್ದರು. ಹಾಗೆಂದು ಪೂರ್ತಿ ಮೌನವೂ ನಿಜವಲ್ಲ. ಸಾವಿನ ಮನೆಯಲ್ಲಿ ಪುರೋಹಿತರು, ಬಾಳೆಲೆ, ನೀರು, ಹಾಲು ಅಂತ ನೂರು ಕೆಲಸ, ಮಾತಾಡದೆ ಸಾಗದು. ಆಗ ನಮ್ಮ ಜನ ಏನು ಮಾಡುತ್ತಾರೆಂದು ಗಮನಿಸಿದರೆ ಕನ್ನಡದ ಒಂದು ಜಾಣತನ ಕಾಣುತ್ತದೆ. ‘ಯಾವಾಗ ಬಂದೆ?’ ಅಂದರೆ ಸಲಿಗೆ. ‘ಯಾವಾಗ ಬಂದ್ರಿ?’ ಅಂದರೆ ತಮ್ಮನ ಕೆನ್ನೆಗೆ ಹೊಡೆದ ಹಾಗೆ. ‘ಬಂದದ್ದು ಯಾವಾಗ?’ ಅಂದರೆ ಎರಡೂ ಅಲ್ಲ. ಏಕವಚನವೋ ಬಹುವಚನವೋ ಎಂಬ ಇಕ್ಕಟ್ಟನ್ನೇ ದಾಟಿಹೋಗುವ ವಾಕ್ಯ ಅದು. ‘ಚಾ ಇಟ್ಟಿದೆ.’ ‘ಊಟ ಆಯ್ತಾ?’ ‘ಭಟ್ರಿಗೆ ಹೇಳಿ ಆಗಿದೆ.’ ಯಾರಿಗೆ ಹೇಳಿದ್ದು ಎಂಬ ಗುರುತು ಕ್ರಿಯಾಪದದ ಬಾಲದಲ್ಲಿ ಎಲ್ಲೂ ಇಲ್ಲ.

ಇದನ್ನೇ ನಿಯಮ ಮಾಡಿಕೊಂಡೆವು. 19ನೇ ನಿಮಿಷದವರೆಗೆ ಅಣ್ಣ-ತಮ್ಮ ಒಬ್ಬರಿಗೊಬ್ಬರು ನೀನು, ನೀವು ಅನ್ನಬಾರದು. ಅದನ್ನು ಸೂಚಿಸುವ ಕ್ರಿಯಾಪದವೂ ಬರಬಾರದು. ಕೆಂಪು ಪೆನ್ನು ಹಿಡಿದು ಕೂತಾಗ 34 ಕಡೆ ಗೆರೆ ಬಿತ್ತು. ಅರ್ಧಕ್ಕರ್ಧ ಸಾಲುಗಳು ತಿದ್ದದೆಯೇ ಬಿದ್ದುಹೋದವು, ಅಂದರೆ ಅವು ಬೇಕಿರಲೇ ಇಲ್ಲ. ಒಂದು ಎಚ್ಚರಿಕೆ: ‘ನಿನ್ನ ಚಿಕ್ಕಪ್ಪನಿಗೆ ನೀರು ಬೇಕಾ ಕೇಳು’ ಎಂದು ನಾಲ್ಕಡಿ ದೂರದಲ್ಲಿ ಕೂತವನಿಗೆ ಮಗುವಿನ ಮೂಲಕ ಮಾತು ದಾಟಿಸುವ ತಂತ್ರ ಬಹಳ ಆಕರ್ಷಕ. ಒಮ್ಮೆ ಬಳಸಿದರೆ ಎದೆ ಹಿಂಡುತ್ತದೆ, ಎರಡನೇ ಸಲಕ್ಕೆ ಜನ ನಗುತ್ತಾರೆ, ಮೂರನೆಯದು ಪ್ರಹಸನ. ನಮ್ಮಲ್ಲಿ ನಾಲ್ಕಿತ್ತು, ಒಂದನ್ನು ಉಳಿಸಿದೆವು.

ಪುಟಕ್ಕೊಂದು ನಿಮಿಷ ಎಂಬ ಚಿತ್ರಕಥೆಯ ಲೆಕ್ಕ ಇಂಥ ಕತೆಗೆ ಕೂಡುವುದಿಲ್ಲ. ‘ಅವನು ಉತ್ತರಿಸುವುದಿಲ್ಲ’ ಎನ್ನುವುದು ಕಾಗದದಲ್ಲಿ ಒಂದೇ ಸಾಲು, ತೆರೆಯ ಮೇಲೆ 12 ಸೆಕೆಂಡು. ನಮ್ಮ 21 ಪುಟದ ಹಸ್ತಪ್ರತಿಯನ್ನು ಸ್ಟಾಪ್‌ವಾಚ್ ಹಿಡಿದು ಎದ್ದು ನಡೆದು ನಟಿಸಿ ಓದಿದಾಗ 29 ನಿಮಿಷ ಬಂತು. ಮೇಜಿನ ಸುತ್ತ ಕೂತು ಓದಿದ್ದರೆ 17 ಬರುತ್ತಿತ್ತು, ಚಿತ್ರೀಕರಣದ ದಿನಗಳ ಲೆಕ್ಕವೂ ಅಷ್ಟೇ ತಪ್ಪುತ್ತಿತ್ತು.

ನಟರೆಲ್ಲ ಮಾಟುಂಗಾ, ದಾದರ್ ಕಡೆಯ ಕನ್ನಡ ರಂಗಭೂಮಿಯವರು. ಆಫೀಸು ಮುಗಿಸಿ ರಾತ್ರಿ ಎಂಟಕ್ಕೆ ತಾಲೀಮು, ಹತ್ತೂವರೆಗೆ ಗಾಡಿ ಹಿಡಿಯುವ ಧಾವಂತ. ಇವರ ಶಕ್ತಿಯೇ ಇಲ್ಲಿ ತೊಡಕು. ಕೊನೆಯ ಸಾಲಿಗೆ ಕೇಳುವಂತೆ ಪಳಗಿದ ದನಿಯ ಎದುರು ಕ್ಯಾಮೆರಾ ಇರುವುದು ನಾಲ್ಕಡಿಯಲ್ಲಿ. ‘ಮೆಲ್ಲಗೆ ಮಾತಾಡಿ’ ಎಂದರೆ ದನಿ ಇಳಿಯುತ್ತದೆ, ಕುತ್ತಿಗೆ ಮತ್ತು ಹುಬ್ಬು ಮಾತ್ರ ಕಿರುಚುತ್ತಲೇ ಇರುತ್ತವೆ. ಕೆಲಸಕ್ಕೆ ಬಂದದ್ದು ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿ ಇಡೀ ದೃಶ್ಯ ಆಡಿಸಿದ್ದು. ಎದುರಿನವನ ಮುಖ ಕಾಣದಾಗ ನಟ ಕಿವಿಗೊಡುತ್ತಾನೆ. ಜೊತೆಗೆ ಕೈಗೆ ಒಂದು ಕೆಲಸ ಬೇಕು. ದರ್ಭೆ ಬಿಡಿಸುವುದೋ ಬಾಳೆಲೆ ಒರೆಸುವುದೋ ಶುರುವಾದ ಕೂಡಲೇ ಮುಖದ ಅಭಿನಯ ತಾನಾಗಿ ಇಳಿಯಿತು. ಆರು ತಾಲೀಮಿನಲ್ಲಿ ಮೂರು ಇದಕ್ಕೇ ಹೋದವು.

ಭಾಷೆಯ ವಿಷಯದಲ್ಲಿ ಒಂದು ತೀರ್ಮಾನ ಬೇಗ ಮಾಡಬೇಕಿತ್ತು. ಅಣ್ಣ-ತಮ್ಮ ಕುಂದಗನ್ನಡ, ಮಗಳು ಮುಂಬಯಿ ಕನ್ನಡ. ಅವಳ ‘ಬಾಬಾ, ನಲ್ ಬಂತು’ (ಅಪ್ಪಾ, ನಲ್ಲಿಯಲ್ಲಿ ನೀರು ಬಂತು) ಎಂಬ ಮಾತನ್ನು ಶುದ್ಧಗೊಳಿಸಿದರೆ ಅವಳು ಈ ಊರಿನವಳೇ ಅಲ್ಲ. ಕುಂದಗನ್ನಡ ಬಾರದ ನಟನಿಗೆ ವಾರದಲ್ಲಿ ಕಲಿಸುವ ಸಾಹಸವೂ ಬೇಡ. ಪದಗಳು ಬರುತ್ತವೆ, ನುಂಗುವ ಸ್ವರಗಳು ಬರುವುದಿಲ್ಲ. ನಾವು ಪಾತ್ರಕ್ಕೆ ಮುಖ ಹುಡುಕುವ ಮೊದಲು ನಾಲಗೆ ಹುಡುಕಿದೆವು.

ಫ್ಲ್ಯಾಷ್‌ಬ್ಯಾಕ್ ಇಲ್ಲದಿರುವುದನ್ನು ನೋಡಿದವರು ಹೊಗಳುತ್ತಾರೆ. ಅದರ ಮೊದಲ ಕಾರಣ ತಲೆಕೂದಲು. ತಾಯಿಯ ಕ್ರಿಯೆ ಹಿಡಿದ ಅಣ್ಣ ಮುಂಡನ ಮಾಡಿಸಿಕೊಂಡಿರುತ್ತಾನೆ, ತಡವಾಗಿ ಬಂದ ತಮ್ಮನ ತಲೆಯಲ್ಲಿ ಕೂದಲಿದೆ. ಯಾರು ಇದ್ದರು, ಯಾರು ಇರಲಿಲ್ಲ ಎನ್ನಲು ಬೇರೆ ಮಾತೇ ಬೇಡ. ಆದರೆ ಒಮ್ಮೆ ಬೋಳಿಸಿದ ಮೇಲೆ ಹಿಂದಿನ ದಿನಗಳ ದೃಶ್ಯಕ್ಕೆ ವಿಗ್ಗು ಬೇಕು, 160 ಚದರಡಿಯಲ್ಲಿ ವಿಗ್ಗು ಬೇಗ ಸಿಕ್ಕಿಬೀಳುತ್ತದೆ. ನಾಲ್ಕೂ ದಿನ ಬೆಳಿಗ್ಗೆ ಹೊಸದಾಗಿ ಬೋಳಿಸಬೇಕು ಎನ್ನುವುದು ಎರಡನೇ ದಿನ ಮಾನಿಟರ್ ನೋಡಿದಾಗಲೇ ಗೊತ್ತಾದದ್ದು. ಒಂದೇ ದಿನದಲ್ಲಿ ತಲೆಗೆ ಹಸಿರು ನೆರಳು ಬಂದಿತ್ತು.

ಚಾಳಿನಲ್ಲಿ ಚಿತ್ರೀಕರಣಕ್ಕೆ ಮೇ ತಿಂಗಳ ಎರಡನೇ ಅರ್ಧದಷ್ಟು ಒಳ್ಳೆಯ ಕಾಲ ಇಲ್ಲ. ಶಾಲೆಗೆ ರಜೆ, ಅರ್ಧ ಚಾಳು ಊರಿಗೆ ಹೋಗಿರುತ್ತದೆ, ಬೀಗ ಬಿದ್ದ ಖೋಲಿಗಳಿಂದ ಕುಕ್ಕರ್ ಕೂಗುವುದಿಲ್ಲ. ಜೂನ್ ಎರಡನೇ ವಾರದ ಸುಮಾರಿಗೆ ಮಳೆ ಹಿಡಿದರೆ ತಗಡಿನ ಕೆಳಗೆ ಸಂಭಾಷಣೆ ಎನ್ನುವುದೇ ಇಲ್ಲ. ಗಣಪತಿಗೆ ಮೊದಲಿನ ವಾರಗಳಲ್ಲಿ ಪರೇಲ್, ಲಾಲ್‌ಬಾಗ್ ಸುತ್ತ ಢೋಲ್ ತಾಲೀಮು. ಮೇ ತಿಂಗಳಿಗಿರುವ ದೋಷ ಎರಡು, ಸೆಕೆ ಮತ್ತು ಕೋಗಿಲೆ.

ಪರವಾನಗಿ ವಿಚಾರ ಚುಟುಕಾಗಿ ಹೇಳುವುದಾದರೆ: ಖೋಲಿಯ ಒಳಗೆ ಮಾತ್ರವಾದರೆ ಖೋಲಿಯವರ, ಮಾಲಕನ ಲಿಖಿತ ಒಪ್ಪಿಗೆ ಮತ್ತು ಸ್ಥಳೀಯ ಪೊಲೀಸ್ ಠಾಣೆಗೆ ಕೊಟ್ಟ ಪತ್ರದ ಮೊಹರು ಬಿದ್ದ ಪ್ರತಿ ಕೈಯಲ್ಲಿರಲಿ. ರಸ್ತೆಗಿಳಿದರೆ ಪಾಲಿಕೆಯ ಅನುಮತಿ ಬೇರೆ. ರೈಲ್ವೆ ನಿಲ್ದಾಣಕ್ಕೆ ರೈಲ್ವೆಯದ್ದು ಬೇರೆ, ಅದರ ಶುಲ್ಕ ಸಣ್ಣ ಚಿತ್ರಕ್ಕೆ ಆಗಿಬರುವಂಥದ್ದಲ್ಲ. ತಮ್ಮ ಲೋಕಲಿನಿಂದ ಇಳಿಯುವ ದೃಶ್ಯ ನಮ್ಮ ಬರಹದಲ್ಲಿತ್ತು. ಅದರ ಬದಲು ಖೋಲಿಯ ಬಾಗಿಲಲ್ಲಿ ಅವನ ಚಪ್ಪಲಿ, ಹಿನ್ನೆಲೆಯಲ್ಲಿ ಗಾಡಿಯ ಸದ್ದು. ನಷ್ಟವೇನೂ ಆಗಲಿಲ್ಲ. ಇವೆಲ್ಲಕ್ಕಿಂತ ಮುಖ್ಯವಾದ ಒಪ್ಪಿಗೆ ಗ್ಯಾಲರಿಯ (ಖೋಲಿಗಳ ಮುಂದಿನ ಉದ್ದನೆಯ ಮೊಗಸಾಲೆ) ಎಡ-ಬಲ ಮೂರು ಮೂರು ಖೋಲಿಯವರದ್ದು. ಅದಕ್ಕೆ ಮೊಹರಿಲ್ಲ, ಪ್ರತಿದಿನ ಸಂಜೆ ನವೀಕರಿಸಬೇಕು. ನಾಲ್ಕು ದಿನದ ಚಾ, ವಡಾ-ಪಾವ್ ಖರ್ಚು ಲೈಟುಗಳ ಬಾಡಿಗೆಯ ಹತ್ತಿರಕ್ಕೆ ಬಂತು.

ಖೋಲಿ 10 ಅಡಿ ಅಗಲ, 16 ಅಡಿ ಉದ್ದ. ಮೋರಿ (ಖೋಲಿಯೊಳಗಿನ ಬಚ್ಚಲು ಮೂಲೆ), ಒಲೆಕಟ್ಟೆ ಕಳೆದರೆ ಓಡಾಡಲು ಸಿಗುವುದು 10×11. ಇಂಥ ಕಡೆ ಛಾಯಾಗ್ರಾಹಕನ ಕೈ ತಾನಾಗಿ ವೈಡ್ ಲೆನ್ಸಿಗೆ ಹೋಗುತ್ತದೆ. ಹೋಗಬಾರದು. 18 ಅಥವಾ 24 ಎಂಎಂ ಹಾಕಿದರೆ ಗೋಡೆಗಳು ದೂರ ಸರಿದು ಚಾಳಿನ ಖೋಲಿ ಠಾಣೆಯ ಎರಡು ಬಿಎಚ್‌ಕೆ ಆಗಿಬಿಡುತ್ತದೆ. ದೂರ ಹೋಗಲು ಜಾಗವೇ ಇಲ್ಲದ ಕಡೆ ದೂರವಾದವರು ಇವರು, ಆ ಇಕ್ಕಟ್ಟು ಕಾಣಬೇಕು. ಸೂಪರ್-35 ಅಳತೆಯ ಸೆನ್ಸರಿಗೆ (ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಫಲಕ) 35 ಎಂಎಂ ಲೆನ್ಸು 10 ಅಡಿ ದೂರದಿಂದ ಸುಮಾರು 7 ಅಡಿ ಅಗಲ ನೋಡುತ್ತದೆ, 50 ಎಂಎಂ ಸುಮಾರು 5 ಅಡಿ. ನಮ್ಮದು ಇವೆರಡೇ. ಹಿಂದೆ ಸರಿಯಲು ಜಾಗ ಬೇಕಾದಾಗ ಕ್ಯಾಮೆರಾ ಗ್ಯಾಲರಿಗೆ ಹೋಗಿ ಕಿಟಕಿಯ ಸರಳುಗಳ ನಡುವಿಂದ ನೋಡಿತು.

ಇನ್ನೊಂದು ನಿಯಮ ಚೌಕಟ್ಟಿನದ್ದು. ಕೊನೆಗೆ ಇಬ್ಬರೂ ಸೇರಿ ಅಮ್ಮನ ಟ್ರಂಕು ಇಳಿಸುವ ದೃಶ್ಯದವರೆಗೆ ಒಬ್ಬನ ಶಾಟಿನಲ್ಲಿ ಇನ್ನೊಬ್ಬನ ಭುಜದ ಅಂಚೂ ಬರಬಾರದು. ಇಬ್ಬರೂ ಒಂದೇ ಚೌಕಟ್ಟಿನಲ್ಲಿ ಬಂದರೆ ನಡುವೆ ಕಂಬವೋ ಒಗೆದ ಬಟ್ಟೆಯೋ ಅತ್ತಿಗೆಯೋ ಇರಬೇಕು. ಪ್ರತಿ ದೃಶ್ಯದ ಹಾಳೆಯ ಮೂಲೆಯಲ್ಲಿ ಇಬ್ಬರ ನಡುವಿನ ಅಂತರವನ್ನು ಅಡಿಯಲ್ಲಿ ಬರೆದಿಟ್ಟಿದ್ದೆವು: 9, 9, 7, 8, 4, 6, 3. ಏರುಪೇರು ಬೇಕೆಂದೇ ಇಟ್ಟದ್ದು. ನೇರವಾಗಿ ಇಳಿದರೆ ರಾಜಿ ಮೊದಲೇ ಗೊತ್ತಾಗುತ್ತದೆ. ದೃಶ್ಯಗಳನ್ನು ಹಿಂದುಮುಂದಾಗಿ ಚಿತ್ರಿಸುವಾಗ ನಟರಿಗೆ ‘ಈಗ ಎಷ್ಟು ಕೋಪ?’ ಎಂದು ವಿವರಿಸುವುದಕ್ಕಿಂತ ‘ಇದು ನಾಲ್ಕಡಿ ದೃಶ್ಯ’ ಅನ್ನುವುದು ಬೇಗ ತಲುಪಿತು.

ಬೆಳಕಿಗೆ ಎರಡು ಎಲ್‌ಇಡಿ ಪ್ಯಾನಲ್, ಒಂದು 300 ವ್ಯಾಟಿನದ್ದು ಕಿಟಕಿಯ ಹೊರಗಿನಿಂದ, ಒಂದು ಕಾಗದದ ಗೋಳ. ಎಲ್ಲ ಸೇರಿ 500 ವ್ಯಾಟಿನೊಳಗೆ. ಹಳೆಯ ಚಾಳಿನ 5 ಆಂಪಿಯರ್ ಪ್ಲಗ್ಗು ಲೆಕ್ಕದಲ್ಲಿ 1150 ವ್ಯಾಟ್ ತಾಳಬೇಕು, ಗೋಡೆಯೊಳಗಿನ ತಂತಿಗೆ ಆ ಲೆಕ್ಕ ಗೊತ್ತಿರುವುದಿಲ್ಲ. ನಮ್ಮ ವಿದ್ಯುತ್ತು 50 ಹರ್ಟ್ಸ್, ಚಿತ್ರ ಸೆಕೆಂಡಿಗೆ 24 ಫ್ರೇಮ್. ಪ್ರತಿ ಫ್ರೇಮಿಗೆ ಬೆಳಕು ಬಿಡುವ ಶಟರನ್ನು ರೂಢಿಯಂತೆ 180 ಡಿಗ್ರಿಗೆ, ಅಂದರೆ ಸೆಕೆಂಡಿನ 48ರಲ್ಲಿ ಒಂದು ಪಾಲಿಗೆ ಬಿಟ್ಟರೆ ಟ್ಯೂಬ್‌ಲೈಟು ತೆರೆಯ ಮೇಲೆ ಮೆಲ್ಲಗೆ ಉಸಿರಾಡಿದಂತೆ ಮಿಡಿಯುತ್ತದೆ. 172.8 ಡಿಗ್ರಿ, ಅಂದರೆ ಸೆಕೆಂಡಿನ 50ರಲ್ಲಿ ಒಂದು ಪಾಲಿಗೆ ಇಟ್ಟರೆ ನಿಲ್ಲುತ್ತದೆ. ಸಣ್ಣ ಮಾನಿಟರಿನಲ್ಲಿ ಈ ಮಿಡಿತ ಕಾಣುವುದಿಲ್ಲ, ದೊಡ್ಡ ತೆರೆಯಲ್ಲಿ ಅದು ಬಿಟ್ಟು ಬೇರೇನೂ ಕಾಣುವುದಿಲ್ಲ.

ಇನ್ನು ಶಬ್ದ. ಅರ್ಧ ಚಿತ್ರ ಇದೇ. ಇಬ್ಬರು ಸುಮ್ಮನಿರುವುದು ಕೇಳಬೇಕಾದರೆ ಮಿಕ್ಕದ್ದು ಸುಮ್ಮನಿರಬೇಕು, ಮುಂಬಯಿಯಲ್ಲಿ ಅದು ಆಗದ ಮಾತು. ಡಬ್ಬಿಂಗ್ ಮಾಡಿದರಾಯಿತು ಎಂದು ಸಲಹೆ ಕೊಟ್ಟವರಿದ್ದರು. ಮಾತನ್ನು ಡಬ್ ಮಾಡಬಹುದು. ಮಾತು ಬಾಯಿಗೆ ಬಂದು ನುಂಗಿದಾಗಿನ ಉಸಿರನ್ನು ಎರಡು ತಿಂಗಳ ಮೇಲೆ ಸ್ಟುಡಿಯೋದಲ್ಲಿ ಯಾರೂ ಮತ್ತೆ ತರಲಾರರು. ಸ್ಥಳದಲ್ಲೇ ಧ್ವನಿಮುದ್ರಣ ಎಂದು ನಿಶ್ಚಯವಾಯಿತು.

ಕೊರಳಿಗೆ ಸಿಕ್ಕಿಸುವ ಮೈಕು ಕೆಲಸಕ್ಕೆ ಬರಲಿಲ್ಲ. ಕ್ರಿಯೆಯ ಹೊತ್ತಿನಲ್ಲಿ ಗಂಡಸರು ಬರಿಮೈಯಲ್ಲಿ ಒಂದು ಪಂಚೆ, ಹೆಗಲಿಗೊಂದು ಬೈರಾಸು. ಮೈಕು ಅಡಗಿಸಲು ಜಾಗವೇ ಇಲ್ಲ. ಉದ್ದ ಕೋಲಿನ ತುದಿಗೆ ಮೈಕು ಕಟ್ಟಿದ ಬೂಮ್ ಒಂದೇ ದಾರಿ. ಅದರಲ್ಲೂ ಉದ್ದನೆಯ ಶಾಟ್‌ಗನ್ ಮೈಕು ಸಣ್ಣ ಖೋಲಿಯಲ್ಲಿ ಗೋಡೆಯ ಪ್ರತಿಧ್ವನಿಯನ್ನೂ ಹಿಡಿದು ದನಿಯನ್ನು ಡಬ್ಬಿಯೊಳಗೆ ಕೂರಿಸುತ್ತದೆ. ಎದುರಿನ ದನಿಯನ್ನೇ ಹೆಚ್ಚಾಗಿ ಹಿಡಿಯುವ ಗಿಡ್ಡನೆಯ ಹೈಪರ್‌ಕಾರ್ಡಿಯಾಯ್ಡ್ ಮೈಕು ಬೇಕು. ಬೂಮ್ ಹಿಡಿದವರಿಗೆ ನೆಲದಲ್ಲಿ ಜಾಗ ಇಲ್ಲದ್ದರಿಂದ ಅವರು ಪೋಟ್‌ಮಾಳಾ (ಸಾಮಾನಿಡುವ ಅಟ್ಟ) ಹತ್ತಿ ಟ್ರಂಕುಗಳ ನಡುವೆ ಹೊಟ್ಟೆಯ ಮೇಲೆ ಮಲಗಿ ಮೇಲಿನಿಂದ ಮೈಕು ಇಳಿಬಿಟ್ಟರು. ಫ್ಯಾನು ಬಂದ್, ಮೇ ತಿಂಗಳು, ಮಾಡಿಗೆ ಎರಡಡಿ ಕೆಳಗೆ. ಒಂದು ಟೇಕು ಮೂರು ನಿಮಿಷ ಮೀರಬಾರದೆಂಬ ಮಿತಿ ಹಾಕಿದ್ದು ನಟರಿಗಾಗಿ ಅಲ್ಲ.

ಕಾಣದ ಎರಡು ಗೋಡೆಗಳಿಗೆ ದಪ್ಪ ಗೋಧಡಿ ಕಟ್ಟಿದೆವು. ಫ್ರಿಜ್ಜು ಬಂದ್ ಮಾಡಿದ ಕೂಡಲೇ ಅದರೊಳಗೆ ಕ್ಯಾಮೆರಾ ತಂದ ಗಾಡಿಯ ಕೀಲಿ ಇಡುವುದು ಹಳೆಯ ಉಪಾಯ. ಇಲ್ಲವಾದರೆ ಫ್ರಿಜ್ಜನ್ನು ಮತ್ತೆ ಚಾಲೂ ಮಾಡಲು ಮರೆತು ಮನೆಯವರ ಹಾಲು ಒಡೆಯುತ್ತದೆ. ಪ್ರತಿ ದೃಶ್ಯ ಮುಗಿದ ಮೇಲೆ ಎಲ್ಲರೂ ಇದ್ದಲ್ಲೇ ನಿಂತು 60 ಸೆಕೆಂಡು ಬರೀ ಖೋಲಿಯ ಸದ್ದು. ಜನ ಹೊರಗೆ ಹೋದ ಮೇಲೆ ಮಾಡಿದರೆ ಅದು ಬೇರೆಯೇ ಖೋಲಿ. ಒಂಬತ್ತು ಮೈಗಳು ಹೀರಿಕೊಳ್ಳುವ ಶಬ್ದ ಕಡಿಮೆಯದ್ದಲ್ಲ.

ಹಳಿಗಳಿಂದ 300 ಮೀಟರ್ ದೂರದಲ್ಲಿ ಹಗಲು ಎರಡು ನಿಮಿಷದ ಬಿಡುವು ಸಿಕ್ಕರೆ ಅದೃಷ್ಟ. ರಾತ್ರಿ ಸುಮಾರು ಒಂದೂವರೆಯಿಂದ ನಾಲ್ಕರವರೆಗೆ ಲೋಕಲ್ ಇಲ್ಲ. ದೂರದ ಗಾಡಿಗಳು, ಹಳಿ ದುರಸ್ತಿಯ ಸದ್ದು ಆಗೀಗ ಇದ್ದದ್ದೇ. ಹೆಚ್ಚು ಮೌನ ಬೇಡುವ ನಾಲ್ಕು ದೃಶ್ಯಗಳನ್ನು ಆ ಎರಡೂವರೆ ಗಂಟೆಗೆ ಇಟ್ಟೆವು, ಹಗಲಿನ ದೃಶ್ಯವಾದರೆ ಕಿಟಕಿಯಾಚೆ 300 ವ್ಯಾಟಿನ ಸೂರ್ಯ. ನಾಲ್ಕೂವರೆಗೆ ಕೋಗಿಲೆ ಶುರು. ಕೋಗಿಲೆಯ ತೊಂದರೆ ಅದರ ಸದ್ದಲ್ಲ, ಅದರ ಶ್ರುತಿ. ಪ್ರತಿ ಕೂಗೂ ಹಿಂದಿನದಕ್ಕಿಂತ ಮೇಲೇರುತ್ತದೆ. ಮಧ್ಯದಲ್ಲಿ ಕತ್ತರಿಸಿ ಇನ್ನೊಂದು ಟೇಕಿಗೆ ಜೋಡಿಸಿದರೆ ಏಣಿಯ ಮೆಟ್ಟಿಲು ತಪ್ಪಿದ್ದು ಎಂಥವರಿಗೂ ತಿಳಿಯುತ್ತದೆ. ರೈಲನ್ನು ಬೇಕಾದಲ್ಲಿ ಕತ್ತರಿಸಬಹುದು, ಕೋಗಿಲೆಯನ್ನು ಆಗದು.

ಗಂಜಿ ಉಣ್ಣುವ ದೃಶ್ಯಕ್ಕೆ ಒಂದು ಕಿಲೋ ಕುಚ್ಚಲಕ್ಕಿ ಬೇಯಿಸಿಟ್ಟರೂ ಸಾಲದಾಯಿತು. ಹಬೆ ಎರಡೇ ನಿಮಿಷಕ್ಕೆ ಹೋಗುತ್ತದೆ, ಮೇಲೆ ಕೆನೆ ಕಟ್ಟಿದರೆ ಹಳಸಿದಂತೆ ಕಾಣುತ್ತದೆ, ಟೇಕಿಗೊಂದು ಹೊಸ ಬಟ್ಟಲು. ನಟ ದೊಡ್ಡ ತುತ್ತು ತೆಗೆದರೆ ಆರನೇ ಟೇಕಿಗೆ ಅವನ ಮುಖದಲ್ಲಿ ದುಃಖ ಕಾಣುವುದಿಲ್ಲ, ಅಜೀರ್ಣ ಕಾಣುತ್ತದೆ. ಸ್ಟೀಲು ತಟ್ಟೆ ನೆಲಕ್ಕೆ ತಾಗುವ ಸದ್ದಿಗೆ ಚಾಪೆಯ ಅಡಿಯಲ್ಲಿ ಕಂಬಳಿ ಮಡಚಿಟ್ಟೆವು. ಇದಕ್ಕಿಂತ ಹೆಚ್ಚು ಹೇಳುವಂಥದ್ದು ಆ ದೃಶ್ಯದಲ್ಲಿ ಇಲ್ಲ.

ಟ್ರಂಕಿನ ದೃಶ್ಯಕ್ಕೆ ಬರೋಣ. ಹದಿಮೂರನೆಯ ದಿನದ ಬೆಳಗಿನ ಜಾವ. ಅಮ್ಮನ ಟ್ರಂಕು ಪೋಟ್‌ಮಾಳಾದಲ್ಲಿದೆ, ಅದರೊಳಗಿನ ಸೀರೆ ಕ್ರಿಯೆಗೆ ಬೇಕು. ಒಂದು ಕಡೆಯ ಹಿಡಿಕೆ ಮುರಿದಿದೆ, ಒಬ್ಬನಿಂದ ಇಳಿಸಲಾಗದು. ಅಣ್ಣ ಸ್ಟೂಲು ಹತ್ತಿ ಎಳೆಯುತ್ತಾನೆ, ಟ್ರಂಕು ವಾಲುತ್ತದೆ, ಕೆಳಗೆ ತಮ್ಮ ನಿಂತಿದ್ದಾನೆ. ಅಣ್ಣನ ಬಾಯಿಂದ ‘ಹಿಡಿ’ ಎಂದು ಬರುತ್ತದೆ. ಹನ್ನೊಂದು ವರ್ಷದ ಮೇಲೆ ಬಂದ ಮೊದಲ ಏಕವಚನ. ಹಿಡಿಯಿರಿ ಅನ್ನಲು ಪುರುಸೊತ್ತಿಲ್ಲ, ಹಿಡಿಯುವುದು ಅನ್ನಲು ಆಗುವುದಿಲ್ಲ. ತೂಕವೇ ಆ ಕ್ರಿಯಾಪದವನ್ನು ಅವನ ಬಾಯಿಂದ ಕೀಳುತ್ತದೆ. ಹಿಂದಿನ ಕರಡಿನಲ್ಲಿ ಇಲ್ಲಿ ‘ನಂದೇ ತಪ್ಪಾಯ್ತು’ ಎಂಬ ಒಂದೂವರೆ ಪುಟದ ಮಾತಿತ್ತು. ಅದನ್ನು ಮುಚ್ಚಿಟ್ಟು ದೃಶ್ಯ ಓದಿದಾಗ ಏನೂ ಕಡಿಮೆಯಾಗಲಿಲ್ಲ.

ಮೊದಲ ಟೇಕು ಖಾಲಿ ಟ್ರಂಕಿನಲ್ಲಿ ಮಾಡಿದ್ದು ದೊಡ್ಡ ತಪ್ಪು. ಸುಮಾರು 9 ಕಿಲೋ ಅಷ್ಟೇ ಇತ್ತು. ಇಬ್ಬರೂ ಒಳ್ಳೆಯ ನಟರು, ಭಾರ ನಟಿಸಿದರು, ಮುಖ ಕೆಂಪು ಮಾಡಿದರು. ಮುಂಗೈಯ ನರ ಸುಳ್ಳು ಹೇಳಲಿಲ್ಲ. 14 ಕಿಲೋ ಹಳೆ ಪತ್ರಿಕೆ ತುಂಬಿ 23 ಕಿಲೋ ಮಾಡಿದ ಮೇಲೆ ನಟನೆ ನಿಂತು ಕೆಲಸ ಶುರುವಾಯಿತು, ‘ಹಿಡಿ’ ಎಂಬ ಮಾತು ಗಂಟಲಿನಿಂದ ಬಿಟ್ಟು ಹೊಟ್ಟೆಯಿಂದ ಬಂತು. ಕಾಗದದ ಬದಲು ಅಕ್ಕಿಚೀಲ ತುಂಬಿದರೆ ವಾಲುವಾಗ ಒಂದೇ ಬದಿಗೆ ಜಾರಿ ಅಪಾಯ. ಏಳಡಿ ಎತ್ತರದಿಂದ 23 ಕಿಲೋ ಇಳಿಸುವುದು ತಮಾಷೆಯಲ್ಲ. ಚೌಕಟ್ಟಿನಾಚೆಯ ಹಿಡಿಕೆಗೆ ತೊಲೆಯ ಮೇಲಿಂದ ಹಗ್ಗ, ಅದನ್ನು ಹಿಡಿದು ಇಬ್ಬರು, ಸ್ಟೂಲಿನ ಕಾಲಿಗೆ ರಬ್ಬರು, ಐದು ಟೇಕಿಗಿಂತ ಹೆಚ್ಚಿಲ್ಲ. ಬಳಸಿದ್ದು ಮೂರನೆಯದು. ಐದನೆಯದು ತಾಂತ್ರಿಕವಾಗಿ ಚೊಕ್ಕಟವಾಗಿತ್ತು, ಆದರೆ ಅಷ್ಟು ಹೊತ್ತಿಗೆ ಇಬ್ಬರಿಗೂ ಟ್ರಂಕು ಎಲ್ಲಿ ವಾಲುತ್ತದೆಂದು ಗೊತ್ತಾಗಿಬಿಟ್ಟಿತ್ತು.

ಧ್ವನಿಯವರಿಗೆ ಇಲ್ಲಿ ಬೇರೆ ತಲೆನೋವು. ಪಿಸುಮಾತಿಗಿಂತ ಸ್ವಲ್ಪ ಜೋರಾದ ಒಂದು ಶಬ್ದ, ಅರ್ಧ ಸೆಕೆಂಡಿನ ಮೇಲೆ ತಗಡಿನ ಆರ್ಭಟ. ಒಂದೇ ಮಟ್ಟದಲ್ಲಿ ಮುದ್ರಿಸಿದರೆ ಎರಡರಲ್ಲಿ ಒಂದು ಹಾಳು. 10 ಡೆಸಿಬೆಲ್ ತಗ್ಗಿಸಿದ ಎರಡನೇ ಟ್ರ್ಯಾಕ್ ಇಟ್ಟದ್ದರಿಂದ ಉಳಿಯಿತು. ಪೋಟ್‌ಮಾಳಾದಲ್ಲಿ ಈಗ ಬೂಮಿನವರು ಇರುವಂತಿಲ್ಲವಾದ್ದರಿಂದ ಅವರು ಮೋರಿಯಲ್ಲಿ ನಿಂತರು.

ಸಂಕಲನದ ಮೊದಲ ಜೋಡಣೆ 41 ನಿಮಿಷ. ಇಳಿಸುತ್ತ ಹೋದಾಗ ಒಂದು ವಿಚಿತ್ರ ಕಂಡಿತು. ಮೌನಗಳನ್ನು ಕತ್ತರಿಸಿದಷ್ಟೂ ಚಿತ್ರ ಉದ್ದವೆನಿಸಿತು, ಮಾತುಗಳನ್ನು ಕತ್ತರಿಸಿ ಮೌನ ಹಾಗೇ ಬಿಟ್ಟಾಗ ಗಿಡ್ಡವಾಯಿತು. ಮಾತಾಡುವವನ ಮುಖ ಬಿಟ್ಟು ಕೇಳಿಸಿಕೊಳ್ಳದಂತೆ ನಟಿಸುವವನ ಮುಖಕ್ಕೆ ಹೋದರೆ ದೃಶ್ಯದ ಅರ್ಧ ಸಂಭಾಷಣೆ ತಾನಾಗಿ ಅನಗತ್ಯವಾಗುತ್ತದೆ. ಟ್ರಂಕು ಇಳಿದ ಮೇಲೆ ಅಪ್ಪಿಕೊಳ್ಳುವ ಶಾಟೊಂದು ಇತ್ತು. ಚೆನ್ನಾಗಿಯೇ ಬಂದಿತ್ತು. ತೆಗೆದೆವು. ಈಗ ಇರುವುದು ಇಬ್ಬರೂ ಏದುಸಿರು ಬಿಡುತ್ತ ಟ್ರಂಕಿನ ಎರಡು ತುದಿಗೆ ಕೂತ 38 ಸೆಕೆಂಡು. ಚಿತ್ರದಲ್ಲಿ ಭುಜಕ್ಕೆ ಭುಜ ಬರುವ ಮೊದಲ ಚೌಕಟ್ಟು ಅದು.

ಅಡಿಬರಹ ಎರಡು ಭಾಷೆಯಲ್ಲಿ. ಮರಾಠಿ ನಮ್ಮ ನೆಂಟ. ‘ಬಂದದ್ದು ಯಾವಾಗ?’ ಎಂಬುದಕ್ಕೆ ‘ಯೇಣಂ ಕಧೀ ಝಾಲಂ?’ ಎಂದು ಅಚ್ಚು ಹೊಯ್ದಂಥ ವಾಕ್ಯ ಸಿಗುತ್ತದೆ, ‘ಹಿಡಿ’ಗೆ ‘ಧರ್’. ಧರಾ ಅಲ್ಲ, ಧರ್. ಅಕ್ಕಪಕ್ಕದ ಮರಾಠಿ ಮಂದಿಗೆ ವಿವರಿಸುವ ಪ್ರಮೇಯವೇ ಬರಲಿಲ್ಲ. ಇಂಗ್ಲಿಷಿನಲ್ಲಿ ಈ ಬಾಗಿಲೇ ಇಲ್ಲ. ಅಲ್ಲಿ ನಾವು ಮಾಡಿದ್ದು ಇಷ್ಟು: ಮೊದಲ 19 ನಿಮಿಷ ಅಣ್ಣ-ತಮ್ಮಂದಿರ ಅಡಿಬರಹದಲ್ಲಿ ‘ಯೂ’ ಪದ ಒಮ್ಮೆಯೂ ಬರದಂತೆ ಬರೆದು, ‘ಹಿಡಿ’ಯ ಬಳಿಕ ತಮ್ಮ ಅನ್ನುವ ಮೊದಲ ಮಾತಿಗೆ ಅದನ್ನು ಮೀಸಲಿಟ್ಟದ್ದು. ಎಷ್ಟು ಜನ ಗಮನಿಸುತ್ತಾರೋ, ವಾಕ್ಯಗಳು ಮಾತ್ರ ತಣ್ಣಗಾದವು. ಸಾಲಿಗೆ 42 ಅಕ್ಷರ, ಒಮ್ಮೆಗೆ ಎರಡು ಸಾಲು ಎಂಬ ಮಿತಿಗೆ ಕಡಿಮೆ ಮಾತಿನ ಚಿತ್ರ ಸುಲಭವಾಗಿ ಒಗ್ಗುತ್ತದೆ.

ಪ್ರಮಾಣಪತ್ರದ ಯೋಚನೆ ಬರೆಯುವಾಗಲೇ ಇರಲಿ. ಚಿತ್ರಮಂದಿರದಲ್ಲಿ ತೋರಿಸುವುದಾದರೆ ಕಿರುಚಿತ್ರಕ್ಕೂ ಸೆನ್ಸಾರ್ ಮಂಡಳಿಯ ಪತ್ರ ಬೇಕು. ಅಣ್ಣ ಗ್ಯಾಲರಿಯಲ್ಲಿ ಬೀಡಿ ಸೇದುವ ದೃಶ್ಯ ಇತ್ತು. ತಂಬಾಕು ಕಂಡರೆ ಆರಂಭದಲ್ಲೂ ಮಧ್ಯದಲ್ಲೂ 30 ಸೆಕೆಂಡಿನ ಆರೋಗ್ಯ ಸಂದೇಶ, ಅದರ ಜೊತೆ 20 ಸೆಕೆಂಡಿನ ನಿರಾಕರಣೆ, ಸೇದುವಷ್ಟು ಹೊತ್ತೂ ಕೆಳಗೆ ಎಚ್ಚರಿಕೆಯ ಸಾಲು. 27 ನಿಮಿಷದ ಮೌನದ ನಡುವೆ ಅದು ಬರುವುದನ್ನು ಊಹಿಸಿಕೊಂಡು ಬೀಡಿಯ ಬದಲು ಅಡಿಕೆ ಕತ್ತರಿ ಕೊಟ್ಟೆವು. ಕಾಗೆಗೆ ಪಿಂಡ ಇಡುವ ಶಾಟಿನಲ್ಲಿ ಕಾಗೆ ಇಲ್ಲ, ದನಿ ಮಾತ್ರ. ಪ್ರಾಣಿ-ಪಕ್ಷಿ ನಟಿಸಿದರೆ ಪ್ರಾಣಿ ಕಲ್ಯಾಣ ಮಂಡಳಿಯ ಒಪ್ಪಿಗೆ ಮೊದಲೇ ತರಬೇಕು. ಪಕ್ಕದ ಖೋಲಿಯ ರೇಡಿಯೋದಲ್ಲಿ ಬರುವ ಸಿನಿಮಾ ಹಾಡಿಗೂ ಹಕ್ಕಿನ ದುಡ್ಡು, ಹಾಗಾಗಿ ಅತ್ತಿಗೆಯ ಪಾತ್ರಧಾರಿಯೇ ಒಲೆಯ ಮುಂದೆ ದಾಸರ ಪದವೊಂದನ್ನು ಗುನುಗಿದರು. ಪದ ಎಲ್ಲರದ್ದು, ದನಿ ನಮ್ಮದು.

ತೋರಿಸುವಾಗ ಹೊಸ ಪಾಠ. ಹೆಡ್‌ಫೋನಿನಲ್ಲಿ, ಸ್ಟುಡಿಯೋದಲ್ಲಿ ತೂಗಿ ಸರಿಮಾಡಿದ ಮೌನವನ್ನು ಸಭಾಂಗಣದ ಫ್ಯಾನುಗಳು ನುಂಗಿಬಿಟ್ಟವು. ನಿಶ್ಶಬ್ದವಾದ ಭಾಗ ಬಂದಾಗ ಜನ ‘ಸೌಂಡು ಹೋಯ್ತು’ ಎಂದು ಹಿಂದೆ ತಿರುಗಿದರು. ಅದಕ್ಕೆ ಸಭಾಂಗಣದ ಪ್ರತಿ ಬೇರೆ ಮಾಡಿದೆವು. ಖೋಲಿಯ ಸದ್ದು 4 ಡೆಸಿಬೆಲ್ ಮೇಲೆ, ಗೋಡೆ ಗಡಿಯಾರದ ಟಿಕ್‌ಟಿಕ್ ಸ್ವಲ್ಪ ಮುಂದೆ. ಕೇಳಲು ಒಂದು ಸಣ್ಣ ಸದ್ದು ಇದ್ದಾಗಲೇ ಉಳಿದದ್ದು ಮೌನ ಎಂದು ಕಿವಿಗೆ ತಿಳಿಯುತ್ತದೆ. ಚಿತ್ರಮಂದಿರಕ್ಕೆ ಕೊಡುವ ಡಿಜಿಟಲ್ ಪ್ರತಿಯಾದ ಡಿಸಿಪಿಯಲ್ಲಿ ಮಾತ್ರ ಮೂಲ ಮಟ್ಟವೇ ಇದೆ.

ಚಾಳಿನ ಗ್ಯಾಲರಿಯಲ್ಲಿ ಬೆಡ್‌ಶೀಟು ಕಟ್ಟಿ ತೋರಿಸುವುದಾದರೆ ಮಟ್ಟದ ಚಿಂತೆ ಬೇಡ, ನಲ್ಲಿಯ ಹೊತ್ತು ಕೇಳಿಕೊಳ್ಳಿ. ನಮ್ಮಲ್ಲಿ ಸರಿಯಾಗಿ 18ನೇ ನಿಮಿಷಕ್ಕೆ ನೀರು ಬಂತು. ಎಲ್ಲರೂ ಕೊಡ ಹಿಡಿದು ಎದ್ದರು, ಟ್ರಂಕಿನ ದೃಶ್ಯವನ್ನು ರಾತ್ರಿ ಊಟದ ನಂತರ ಇನ್ನೊಮ್ಮೆ ಹಾಕಬೇಕಾಯಿತು.